ಬಂದವರೆಲ್ಲ ಊರಿನವರಾಗುವುದಿಲ್ಲ

1883ರ ಆಗಸ್ಟ್ 27ರ ಬೆಳಿಗ್ಗೆ ಕ್ರಕಟೋವಾ ಸಿಡಿಯಿತು. ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿದ್ದ ಜ್ವಾಲಾಮುಖಿ ದ್ವೀಪ ಅದು. ಸದ್ದು ಸುಮಾರು 4,800 ಕಿಲೋಮೀಟರ್ ದೂರದ ರೊಡ್ರಿಗ್ಸ್ ದ್ವೀಪದವರೆಗೂ ಕೇಳಿಸಿತು. ದ್ವೀಪದ ಮೂರರಲ್ಲಿ ಎರಡು ಪಾಲು ಸಮುದ್ರದೊಳಗೆ ಕುಸಿಯಿತು. ಆಗ ಎದ್ದ ಅಲೆಗಳು ಸುತ್ತಲಿನ ಕರಾವಳಿಗೆ ನುಗ್ಗಿದವು, 36,000ಕ್ಕೂ ಜಾಸ್ತಿ ಜನ ಸತ್ತರು. ದ್ವೀಪದಲ್ಲಿ ಉಳಿದದ್ದು ರಕಾಟಾ ಎಂಬ ಬೆಟ್ಟದ ಅರ್ಧ ತುಂಡು. ಅದರ ಮೇಲೆ ಹತ್ತಾರು ಮೀಟರ್ ದಪ್ಪ ಬಿಸಿ ಬೂದಿ ಕೂತಿತ್ತು. ಮುಂಚೆ ಅಲ್ಲಿ ದಟ್ಟ ಕಾಡಿತ್ತು. ಸ್ಫೋಟದ ನಂತರ ಒಂದು ಗರಿಕೆಯೂ ಕಾಣುತ್ತಿರಲಿಲ್ಲ.

ಒಂಬತ್ತು ತಿಂಗಳು ಕಳೆದ ಮೇಲೆ, 1884ರ ಮೇನಲ್ಲಿ, ಎಡ್ಮಂಡ್ ಕೊಟೊ ಎಂಬ ಫ್ರೆಂಚ್ ಪ್ರವಾಸಿ ಅಲ್ಲಿ ಇಳಿದ. ಎಷ್ಟು ಹುಡುಕಿದರೂ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಜೀವ. ಪುಟ್ಟ ಜೇಡ. ತನ್ನ ಪಾಡಿಗೆ ತಾನು ಬಲೆ ನೇಯುತ್ತಿತ್ತಂತೆ.

ಇವತ್ತು ಅದೇ ರಕಾಟಾದ ಮೇಲೆ ಮತ್ತೆ ಕಾಡಿದೆ. ಆ ದ್ವೀಪಗಳ ಗುಂಪಿನಲ್ಲಿ ಅತ್ತಿಯ ಕುಲಕ್ಕೆ ಸೇರಿದ ಮರಗಳೇ ಇಪ್ಪತ್ತಕ್ಕಿಂತ ಜಾಸ್ತಿ ಬಗೆ ಸಿಕ್ಕಿವೆ. ಬಾವಲಿ, ಪಾರಿವಾಳ, ಉಡ, ಹೆಬ್ಬಾವು ಎಲ್ಲ ಇವೆ. ಆ ಕಾಡನ್ನು ಯಾರೂ ನೆಟ್ಟು ಬೆಳೆಸಿದ್ದಲ್ಲ. ಜಾವಾ, ಸುಮಾತ್ರಾದ ದಡಗಳು ಸುಮಾರು 40 ಕಿಲೋಮೀಟರ್ ದೂರ. ಅಷ್ಟು ಸಮುದ್ರ ದಾಟಿಯೇ ಇವೆಲ್ಲ ಬಂದಿರಬೇಕು. ಬೂದಿಯಡಿ ಒಂದಷ್ಟು ಬೇರು, ಬೀಜ ಬದುಕಿ ಉಳಿದಿತ್ತು ಎಂದು ವಾದಿಸಿದ ಸಸ್ಯವಿಜ್ಞಾನಿಯೂ ಒಬ್ಬರಿದ್ದರು. ಹೆಚ್ಚಿನವರು ಅದನ್ನು ಒಪ್ಪಲಿಲ್ಲ.

ಇಂಥ ಕಥೆ ಕೇಳಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೇಗೆ ಬಂದವು? ಒಳ್ಳೆಯ ಪ್ರಶ್ನೆಯೇ. ಆದರೆ ಅದು ಅರ್ಧ ಪ್ರಶ್ನೆ ಅಂತ ನನ್ನ ಅನಿಸಿಕೆ. ಬೀಜಗಳು, ಹುಳಗಳು, ಹಕ್ಕಿಗಳು ಎಲ್ಲೆಲ್ಲಿಗೋ ಹೋಗುತ್ತಲೇ ಇರುತ್ತವೆ. ಹೋಗಿ ಬಿದ್ದ ಜಾಗದಲ್ಲಿ ಬದುಕಿ, ಮರಿ ಮಾಡಿ, ಆ ಮರಿಗಳೂ ಮರಿ ಮಾಡಿದರೆ ಮಾತ್ರ ನೆಲೆ ನಿಂತ ಹಾಗೆ. ಪ್ರಯಾಣ ಬೇರೆ, ನೆಲೆ ನಿಲ್ಲುವುದು ಬೇರೆ. ಎರಡಕ್ಕೂ ಬೇಕಾದ ಗುಣಗಳೂ ಬೇರೆ ಬೇರೆ. ಇವೆರಡನ್ನು ಕಲಸಿಕೊಂಡರೆ ಏನೂ ಅರ್ಥವಾಗುವುದಿಲ್ಲ.

ಮೊದಲು ಪ್ರಯಾಣವನ್ನೇ ನೋಡೋಣ. ಆ ಜೇಡ ಹೇಗೆ ಬಂತು? ಹಾರಿಕೊಂಡು. ಜೇಡಕ್ಕೆ ರೆಕ್ಕೆ ಇಲ್ಲ, ನಿಜ. ಮರಿ ಜೇಡ ಹುಲ್ಲಿನ ತುದಿಗೆ ಹತ್ತುತ್ತದೆ. ಕಾಲು ನೆಟ್ಟಗೆ ಮಾಡಿ, ಹೊಟ್ಟೆಯ ತುದಿಯನ್ನು ಮೇಲೆತ್ತಿ, ಸಣ್ಣ ಎಳೆಗಳನ್ನು ಗಾಳಿಗೆ ಬಿಡುತ್ತದೆ. ಎಳೆ ಉದ್ದವಾಗಿ ಗಾಳಿ ಹಿಡಿದೊಡನೆ ಕಾಲು ಸಡಿಲಿಸಿ ತೇಲಿ ಹೋಗುತ್ತದೆ. 1832ರಲ್ಲಿ ಡಾರ್ವಿನ್ ಇದ್ದ ಬೀಗಲ್ ಹಡಗು ದಕ್ಷಿಣ ಅಮೆರಿಕದ ದಡದಿಂದ ಸುಮಾರು 100 ಕಿಲೋಮೀಟರ್ ಆಚೆ ಇದ್ದಾಗ, ಹಗ್ಗಗಳ ಮೇಲೆಲ್ಲ ಸಾವಿರಾರು ಸಣ್ಣ ಜೇಡಗಳು ಬಂದು ಇಳಿದಿದ್ದವು. ಬರೀ ಗಾಳಿಯಷ್ಟೇ ಅಲ್ಲ, ವಾತಾವರಣದ ವಿದ್ಯುತ್ ಕ್ಷೇತ್ರವನ್ನೂ ಜೇಡಗಳು ಗ್ರಹಿಸಿ ಮೇಲೇಳುತ್ತವೆ ಎಂದು 2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಜ್ಞಾನಿಗಳು ಪ್ರಯೋಗದಲ್ಲಿ ತೋರಿಸಿದರು. ಇಳಿಯುವ ಜಾಗ ಮಾತ್ರ ಅದರ ಕೈಯಲ್ಲಿಲ್ಲ. ಸಮುದ್ರದ ಕಡೆ ತೇಲಿ ಹೋದವು ಬಹುಪಾಲು ನೀರಿಗೇ ಬೀಳುತ್ತವೆ.

ಸರಿ, ಬೂದಿಗುಡ್ಡದ ಮೇಲೆ ಬಂದ ಜೇಡ ತಿನ್ನುವುದೇನು? ಅದರ ಹಾಗೆಯೇ ಗಾಳಿಯಲ್ಲಿ ಬಂದು ಬೀಳುವ ಬೇರೆ ಹುಳಗಳನ್ನು. ಹಸಿರೇ ಇಲ್ಲದ ಲಾವಾದ ಮೇಲೂ ಗಾಳಿ ದಿನವೂ ಸತ್ತ, ಅರೆಜೀವದ ಕೀಟಗಳನ್ನು ಉದುರಿಸುತ್ತಲೇ ಇರುತ್ತದೆ. ಅದನ್ನೇ ತಿಂದು ಬದುಕುವ ಮಿಡತೆ ಜಾತಿಯ ಹುಳಗಳು, ಜೇಡಗಳು ಇವೆ. ಮೊದಲು ಗಿಡ, ಆಮೇಲೆ ಗಿಡ ತಿನ್ನುವವು, ಆಮೇಲೆ ಅವನ್ನು ತಿನ್ನುವವು ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಇಲ್ಲಿ ಬೇಟೆಗಾರನೇ ಮೊದಲು ಹಾಜರ್.

ಕೊಟೊ ಹೋಗಿ ಬಂದ ಎರಡು ವರ್ಷಕ್ಕೆ, 1886ರಲ್ಲಿ, ಜಾವಾದ ಬೊಗೊರ್ ಸಸ್ಯೋದ್ಯಾನದ ನಿರ್ದೇಶಕ ಮೆಲ್ಕಿಯರ್ ಟ್ರೂಬ್ ರಕಾಟಾಕ್ಕೆ ಹೋದರು. ಬೂದಿಯ ಮೇಲೆ ನೀಲಿಹಸಿರು ಪಾಚಿಯ ತೆಳು ಪದರ ಹಬ್ಬಿತ್ತು. ಅದರ ಮೇಲೆ ಜರಿಗಿಡಗಳು. ಅವರಿಗೆ ಸಿಕ್ಕ 26 ಬಗೆಯ ಗಿಡಗಳಲ್ಲಿ 11 ಜರಿಗಿಡಗಳೇ. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯ ಕಂದು ಚುಕ್ಕೆಗಳನ್ನು ಬೆರಳಿಂದ ಉಜ್ಜಿ ನೋಡಿ, ಕೈಗೆ ಹತ್ತುವ ಪುಡಿಯಲ್ಲಿರುವುದು ಅದರ ಬೀಜಕಣಗಳು. ಆ ಕಣ ಗಾಳಿಯಲ್ಲಿ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಬೀಜವೂ ಹೀಗೆಯೇ ಧೂಳಿನಷ್ಟು ಹಗುರ.

ಹಗುರವಾದದ್ದಕ್ಕೆ ಒಂದು ಬೆಲೆಯಿದೆ. ಹಗುರ ಬೀಜದೊಳಗೆ ಮೊಳಕೆಗೆ ಬೇಕಾದ ಊಟ ಇರುವುದಿಲ್ಲ. ಆರ್ಕಿಡ್ ಬೀಜ ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದರಿಂದ ಆಹಾರ ಬಂದರೆ ಮಾತ್ರ ಮೊಳೆಯುತ್ತದೆ. ಹಾಗಾಗಿ ಆರ್ಕಿಡ್ ಒಂದು ಕಾಯಿಯಲ್ಲಿ ಸಾವಿರ, ಲಕ್ಷಗಟ್ಟಲೆ ಬೀಜ ಮಾಡುತ್ತದೆ. ತೆಂಗು ಇದಕ್ಕೆ ತದ್ವಿರುದ್ಧ. ಒಂದು ಕಾಯಿ, ಒಂದು ಬೀಜ, ಒಳಗೆ ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಕೊಬ್ಬರಿ, ನೀರು. ಹೊರಗೆ ತೇಲಲು ನಾರಿನ ಸಿಪ್ಪೆ. ನಡುವೆ ನಮ್ಮ ಎಕ್ಕದ ಗಿಡ. ಕಾಯಿ ಒಡೆದಾಗ ಒಳಗೆ ಕಂದು ಬಣ್ಣದ ಚಪ್ಪಟೆ ಬೀಜಗಳು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಪ್ರತಿಯೊಂದಕ್ಕೂ ಬಿಳಿ ರೇಷ್ಮೆ ಕೂದಲಿನ ಒಂದು ಕುಚ್ಚು. ಬಿಸಿಲು ಏರಿ ಕುಚ್ಚು ಒಣಗಿ ಬಿಡಿಸಿಕೊಂಡಾಗ ಒಂದೊಂದೇ ಬೀಜ ಎದ್ದು ಹೊರಡುತ್ತದೆ. ಊರು ದಾಟಬಲ್ಲದು, ಹೊಲ ದಾಟಬಲ್ಲದು. ಮಹಾಸಾಗರ ದಾಟುವುದು ಕಷ್ಟ.

ಸಮುದ್ರದ ದಾರಿ ಬೇರೆಯೇ ಕಥೆ. ಟ್ರೂಬ್ ನೋಡಿದ ಹೂಬಿಡುವ ಗಿಡಗಳಲ್ಲಿ ಬಹಳಷ್ಟು ಕಡಲ ದಂಡೆಯವು. ನಮ್ಮ ಕಾರವಾರ, ಮಲ್ಪೆಯ ಮರಳಲ್ಲಿ ಹಬ್ಬುವ ಬಳ್ಳಿಯೊಂದಿದೆ. ಎಲೆ ಮೇಕೆಯ ಗೊರಸಿನ ಆಕಾರ, ಹೂವು ನೇರಳೆ. ಅದೇ ಬಳ್ಳಿ ಕ್ರಕಟೋವಾದ ದಂಡೆಯಲ್ಲೂ ಇದೆ. ಹಾಗೆ ನೋಡಿದರೆ ಉಷ್ಣವಲಯದ ದಂಡೆಗಳೆಲ್ಲ ಒಂದೇ ತರಹ ಕಾಣುವುದಕ್ಕೆ ಕಾರಣವೇ ಇದು. ಈ ಗಿಡಗಳ ಬೀಜಗಳು ಉಪ್ಪುನೀರಲ್ಲಿ ತೇಲಿ ತೇಲಿ ಎಲ್ಲ ದಡಗಳನ್ನೂ ಮುಟ್ಟಿವೆ.

ಉಪ್ಪುನೀರಲ್ಲಿ ಬೀಜ ಸಾಯುವುದಿಲ್ಲವೇ? ಡಾರ್ವಿನ್‌ಗೂ ಇದೇ ಅನುಮಾನ ಬಂದಿತ್ತು. ಅವರು ಮನೆಯಲ್ಲೇ ಉಪ್ಪುನೀರು ಮಾಡಿ 87 ಬಗೆಯ ಬೀಜ ನೆನೆಹಾಕಿದರು. 28 ದಿನ ಬಿಟ್ಟು ಬಿತ್ತಿದಾಗ 64 ಬಗೆ ಮೊಳೆತವು. ಕೆಲವು 137 ದಿನ ನೆಂದರೂ ಜೀವ ಉಳಿಸಿಕೊಂಡಿದ್ದವು. ತೊಂದರೆ ಅಂದರೆ ಅನೇಕ ಬೀಜಗಳು ತೇಲದೆ ಮುಳುಗುತ್ತಿದ್ದವು. ಮುಳುಗಿದ ಬೀಜ ಬದುಕಿದ್ದು ಏನು ಪ್ರಯೋಜನ? ಆಮೇಲೆ ಅವರು ಕಾಯಿ ಸಮೇತ ಕೊಂಬೆಗಳನ್ನು ಒಣಗಿಸಿ ಹಾಕಿ ನೋಡಿದರು. ಹಸಿಯಾಗಿದ್ದಾಗ ತಕ್ಷಣ ಮುಳುಗುತ್ತಿದ್ದ ಹೇಜಲ್ ಕಾಯಿ, ಒಣಗಿದ ಮೇಲೆ 90 ದಿನ ತೇಲಿತು. ನಂತರ ನೆಟ್ಟಾಗ ಮೊಳೆಯಿತು ಕೂಡ. ಅವರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. ಸಣ್ಣ ಹೊಂಡವೊಂದರ ಅಂಚಿನಿಂದ ಮೂರು ಚಮಚ ಕೆಸರು ತಂದು ಮನೆಯಲ್ಲಿ ಮುಚ್ಚಿಟ್ಟರು. ಆರು ತಿಂಗಳು, ಮೊಳೆತ ಒಂದೊಂದು ಗಿಡವನ್ನೂ ಕಿತ್ತು ಎಣಿಸಿದರು. ಒಟ್ಟು 537 ಗಿಡ! ಒಂದು ಲೋಟದಲ್ಲಿ ಹಿಡಿಸುವಷ್ಟು ಕೆಸರಿನಿಂದ. ಕೆರೆಯಿಂದ ಕೆರೆಗೆ ಹಾರುವ ಬಾತುಕೋಳಿಯ ಕಾಲಿಗೆ ಮೆತ್ತಿಕೊಂಡ ಚೂರು ಕೆಸರಿನಲ್ಲಿ ಏನೇನಿರಬಹುದು ಎಂದು ಆಗ ಅವರಿಗೆ ಅಂದಾಜಾಯಿತು.

ಬೀಜವೇನೋ ತೇಲಿತು. ಕಾಲಿರುವ ಪ್ರಾಣಿಗಳ ಗತಿ? 1995ರ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಲೂಯಿಸ್, ಮರಿಲಿನ್ ಎಂಬ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ಬಂದವು. ಮುಂದಿನ ತಿಂಗಳು ಅಂಗ್ವಿಲಾ ದ್ವೀಪದ ದಡಕ್ಕೆ, ಬುಡಮೇಲಾದ ಮರಗಳ ದೊಡ್ಡ ರಾಶಿಯೊಂದು ತೇಲಿ ಬಂತು. ಅದರ ಮೇಲೆ ಹಸಿರು ಇಗ್ವಾನಾಗಳು, ಕನಿಷ್ಠ 15. ನಮ್ಮ ಉಡದಷ್ಟು ದೊಡ್ಡ ಹಲ್ಲಿಗಳು ಅವು. ಆ ಜಾತಿ ಅದಕ್ಕೂ ಮೊದಲು ಆ ದ್ವೀಪದಲ್ಲಿ ಇರಲಿಲ್ಲ. ಹೆಣ್ಣೂ ಇತ್ತು, ಗಂಡೂ ಇತ್ತು. ಎರಡು ವರ್ಷಗಳ ಮೇಲೂ ಅವು ಅಲ್ಲಿ ಬದುಕಿದ್ದವು. ಮೊಟ್ಟೆಯಿಡುವ ಸ್ಥಿತಿಯಲ್ಲಿದ್ದ ಹೆಣ್ಣೊಂದೂ ಸಿಕ್ಕಿತು. ಹಲ್ಲಿ, ಹಾವುಗಳು ತೆಪ್ಪದ ಮೇಲೆ ಕೂತು ದ್ವೀಪ ಸೇರಿದವು ಎಂಬ ಮಾತನ್ನು ಬರೀ ಊಹೆ ಎಂದು ಗೇಲಿ ಮಾಡುತ್ತಿದ್ದವರಿಗೆ ಸಿಕ್ಕ ಒಳ್ಳೆಯ ಉತ್ತರ ಅದು.

ಕ್ರಕಟೋವಾದ ದಂಡೆಗೆ ಗಿಡ ಬಂತು, ಒಳನಾಡಿಗೆ ಹುಲ್ಲು, ಜರಿಗಿಡ ಬಂತು. ಹಾಗಾದರೆ ಕಾಡು ಯಾವಾಗ ಬಂತು? ಹಣ್ಣು ತಿನ್ನುವವರು ಬಂದ ಮೇಲೆ. ಇಲ್ಲಿ ಒಂದು ಗಂಟು ಇದೆ. ಹಣ್ಣಿನ ಮರವಿಲ್ಲದೆ ಬಾವಲಿ, ಪಾರಿವಾಳಕ್ಕೆ ಅಲ್ಲಿ ಕೆಲಸವಿಲ್ಲ. ಅವು ಬರದೆ ಹಣ್ಣಿನ ಮರಕ್ಕೆ ದಾರಿಯಿಲ್ಲ. ಈ ಗಂಟು ಬಿಚ್ಚಿದ್ದು ಮೊದಲು ದಂಡೆಯ ಮರಗಳು. ಸಮುದ್ರವೇ ತಂದು ಹಾಕಿದ ಆ ಮರಗಳು ಎತ್ತರಕ್ಕೆ ಬೆಳೆದಾಗ ಹಕ್ಕಿಗೆ ಕೂರಲು ಕೊಂಬೆ ಸಿಕ್ಕಿತು. ಕಾಡುಬಾದಾಮಿಯಂಥ ಮರಗಳ ಕಾಯಿ ಬಾವಲಿಗೆ ತಿನ್ನಲೂ ಆಯಿತು. ಬಂದ ಬಾವಲಿ ಹೊಟ್ಟೆಯಲ್ಲಿ ಅತ್ತಿಯ ಬೀಜ ಹೊತ್ತು ತಂದಿತು. 1897ರ ಹೊತ್ತಿಗೆ ಅತ್ತಿ ಜಾತಿಯ ಮರಗಳು ಅಲ್ಲಿ ಕಾಣಿಸಿಕೊಂಡಿದ್ದವು.

ಅತ್ತಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಬಂದು ಬೀಳುವುದಕ್ಕೂ ನೆಲೆ ನಿಲ್ಲುವುದಕ್ಕೂ ಇರುವ ಅಂತರ ಇದರಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು. ಅತ್ತಿ, ಆಲ, ಅರಳಿ, ಬಸರಿ ಎಲ್ಲ ಒಂದೇ ಕುಲ. ಅತ್ತಿ ಹಣ್ಣು ಬಿಡಿಸಿದರೆ ಹುಳ ಎಂಬ ಮಾತು ಎಲ್ಲರಿಗೂ ಗೊತ್ತು. ಆ ಹುಳ ಸುಮ್ನೆ ಬಂದು ಸೇರಿದ್ದಲ್ಲ. ನಾವು ಹಣ್ಣು ಎನ್ನುವುದರ ಒಳಗೋಡೆಯ ತುಂಬ ನೂರಾರು ಪುಟ್ಟ ಹೂಗಳಿವೆ. ಹೊರಗೆ ಕಾಣುವುದು ತುದಿಯಲ್ಲಿರುವ ಸಣ್ಣ ಕಣ್ಣು ಮಾತ್ರ. ಸಾಸಿವೆಗಿಂತ ದೊಡ್ಡದಿರದ ಒಂದು ಹೆಣ್ಣು ಕಣಜ ಆ ಕಣ್ಣಿನ ಮೂಲಕ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ರೆಕ್ಕೆಗಳು ಕಿತ್ತು ಹೋಗುತ್ತವೆ. ಒಳಗೆ ಹೋಗಿ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳ ಜತೆ ಕೂಡಿ, ಹಣ್ಣಿನ ಗೋಡೆಗೆ ಕಿಂಡಿ ಕೊರೆದು ಕೊಟ್ಟು, ಸಾಯುತ್ತವೆ. ಹೆಣ್ಣುಗಳು ಪರಾಗ ಮೆತ್ತಿಕೊಂಡು ಆ ಕಿಂಡಿಯಿಂದ ಹೊರಬೀಳುತ್ತವೆ. ಅವುಗಳ ಆಯಸ್ಸು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ, ಸರಿಯಾದ ಹದದ ಕಾಯಿ ಬಿಟ್ಟ ಮರ ಸಿಗಬೇಕು. ಸಾಮಾನ್ಯವಾಗಿ ಒಂದೊಂದು ಜಾತಿಯ ಅತ್ತಿಗೂ ಅದರದ್ದೇ ಕಣಜ. ಆಲದ ಕಣಜ ಅರಳಿಗೆ ಆಗದು.

ಈಗ ದ್ವೀಪದ ಲೆಕ್ಕ ಹಾಕಿ. ಬಾವಲಿ ಒಂದು ಬೀಜ ತಂದು ಹಾಕಿತು. ಮರ ಬೆಳೆಯಿತು. ಕಣಜವಿಲ್ಲದಿದ್ದರೆ ಒಂದು ಬೀಜವೂ ಆಗದು. ಕಣಜ ಬಂದರೂ ಒಂದೇ ಮರ ಇದ್ದರೆ ಸಾಲದು. ಒಂದು ಮರದ ಕಾಯೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಮಾಗುತ್ತವೆ, ಹೊರಬಂದ ಕಣಜಕ್ಕೆ ಹೋಗಲು ಬೇರೆ ಮರ ಬೇಕು. ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹದದ ಕಾಯಿ ಇರುವಷ್ಟು ಮರಗಳಾದರೆ ಮಾತ್ರ ಕಣಜ ಅಲ್ಲೇ ಉಳಿಯುತ್ತದೆ. ಅಲ್ಲಿಯವರೆಗೆ ಕಣಜಗಳು ಹೊರಗಿನಿಂದಲೇ ಬರುತ್ತಿರಬೇಕು. ಇಷ್ಟು ಚಿಕ್ಕ ಹುಳ 40 ಕಿಲೋಮೀಟರ್ ಸಮುದ್ರ ದಾಟುತ್ತದೆಯೇ? ನಮೀಬಿಯಾದ ಉಗಾಬ್ ನದಿಯ ಮರುಭೂಮಿಯಲ್ಲಿ ದೂರ ದೂರ ನಿಂತ ಅತ್ತಿ ಮರಗಳ ತಳಿ ಪರೀಕ್ಷೆ ಮಾಡಿದವರು, ಕಣಜಗಳು ಗಾಳಿಯಲ್ಲಿ 160 ಕಿಲೋಮೀಟರ್‌ವರೆಗೂ ಪರಾಗ ಒಯ್ದಿವೆ ಎಂದು 2009ರಲ್ಲಿ ತೋರಿಸಿದರು. ಹಾಗಾಗಿ 40 ಕಿಲೋಮೀಟರ್ ಅಸಾಧ್ಯವಲ್ಲ. ಬೀಜ ಬಾವಲಿಯ ಹೊಟ್ಟೆಯಲ್ಲಿ, ಪರಾಗ ಕಣಜದ ಮೈಮೇಲೆ, ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಜಾಗದಲ್ಲಿ ಸೇರಬೇಕು. ಇಷ್ಟೆಲ್ಲ ಇದ್ದೂ ಇಪ್ಪತ್ತಕ್ಕೂ ಹೆಚ್ಚು ಬಗೆಯ ಅತ್ತಿಗಳು ಅಲ್ಲಿಗೆ ತಲುಪಿವೆ ಅನ್ನುವುದು ನನಗೆ ಇಂದಿಗೂ ಬೆರಗು.

ಹಾಗೆ ಸೇರಲಾಗದೆ ಹೋದವು ಎಷ್ಟೋ. ಸೋತವರ ಲೆಕ್ಕ ಚೆನ್ನಾಗಿ ಸಿಕ್ಕಿರುವುದು ಐಸ್‌ಲ್ಯಾಂಡ್ ಬಳಿಯ ಸರ್ಟ್‌ಸೇ ದ್ವೀಪದಲ್ಲಿ. 1963ರ ನವೆಂಬರಿನಲ್ಲಿ ಸಮುದ್ರದ ತಳದಿಂದ ಜ್ವಾಲಾಮುಖಿ ಉಕ್ಕಿ ಹುಟ್ಟಿದ ದ್ವೀಪ ಅದು. ಮೊದಲ ದಿನದಿಂದಲೂ ವಿಜ್ಞಾನಿಗಳ ಕಾವಲಿನಲ್ಲಿದೆ. ಬೇರೆ ಯಾರಿಗೂ ಪ್ರವೇಶವಿಲ್ಲ. 1965ರಲ್ಲೇ ದಂಡೆಯಲ್ಲಿ ಹೂಬಿಡುವ ಗಿಡವೊಂದರ ಸಸಿ ಕಾಣಿಸಿತು. ಬೂದಿ ಬಿದ್ದು ಸತ್ತಿತು. ನಂತರವೂ ಒಂದೊಂದೇ ಬೀಜ ಬಂದು, ಮೊಳೆತು, ಸತ್ತು ಹೋಗುತ್ತಿದ್ದವು. ನೀರಿತ್ತು, ಬಿಸಿಲಿತ್ತು, ಗೊಬ್ಬರ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕಡಲಕಾಗೆಗಳು ಗುಂಪಾಗಿ ಗೂಡು ಕಟ್ಟಲು ಶುರು ಮಾಡಿದ ಮೇಲೆ ಚಿತ್ರವೇ ಬದಲಾಯಿತು. ಹಿಕ್ಕೆ ಬಿದ್ದ ಕಡೆ ಹಸಿರು ಒತ್ತಾಗಿ ಹಬ್ಬಿತು. ಮೊದಲು ಸಾಯುತ್ತಿದ್ದಂಥ ಸಸಿಗಳಿಗೆ ಈಗ ನೆಲ ಸಿದ್ಧವಾಗಿತ್ತು.

ಅದೇ ದ್ವೀಪದಲ್ಲಿ ಒಮ್ಮೆ ಟೊಮ್ಯಾಟೊ ಗಿಡ ಬೆಳೆದಿತ್ತು! ಉತ್ತರ ಅಟ್ಲಾಂಟಿಕ್ ಚಳಿಯಲ್ಲಿ, ಲಾವಾ ಕಲ್ಲಿನ ಮಧ್ಯೆ ಟೊಮ್ಯಾಟೊ. ಹುಡುಕಿದಾಗ ಗೊತ್ತಾಯಿತು, ಅಲ್ಲಿಗೆ ಹೋದ ಯಾರೋ ಒಬ್ಬರು ಬಯಲಿಗೆ ಕೂತು ಎದ್ದು ಬಂದಿದ್ದರು. ಹೊಟ್ಟೆಯಲ್ಲಿ ಪ್ರಯಾಣ ಮಾಡುವ ಬೀಜಗಳ ಬಗ್ಗೆ ಅದಕ್ಕಿಂತ ಸ್ಪಷ್ಟ ಪಾಠ ಬೇಕೇ? ಗಿಡವನ್ನು ಕಿತ್ತು ಹಾಕಿದರು.

ನೆಲ, ಗೊಬ್ಬರ ಇದ್ದರೂ ಸಾಲದು. ಜೋಡಿ ಬೇಕು. ನಮ್ಮಲ್ಲೇ ನಡೆದ ಉದಾಹರಣೆ ಇದೆ. ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಗಂಡು ಹುಲಿಯೊಂದು 2011ರಲ್ಲಿ ಸುಮಾರು 280 ಕಿಲೋಮೀಟರ್ ದೂರದ ಶಿಕಾರಿಪುರದ ಬಳಿ ಪತ್ತೆಯಾಯಿತು. ಅದೇ ಹುಲಿ ಎಂದು ಗೊತ್ತಾದದ್ದು ಮೈಮೇಲಿನ ಪಟ್ಟೆಗಳಿಂದ. ಪ್ರಾಯಕ್ಕೆ ಬಂದ ಗಂಡು ಹುಲಿಗಳು ಹೀಗೆ ತಾಯಿಯ ಜಾಗ ಬಿಟ್ಟು ದೂರ ಹೋಗುತ್ತವೆ. ಹೆಣ್ಣುಗಳು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಹುಲಿಯಿಲ್ಲದ ಕಾಡಿಗೆ ಗಂಡು ಬಂದ ಮಾತ್ರಕ್ಕೆ ಅಲ್ಲಿ ಹುಲಿ ನೆಲೆಸಿತು ಅಂತ ಹೇಳಲಾಗದು. ಹೆಣ್ಣು ಬಂದು ಮರಿ ಹಾಕುವವರೆಗೆ ಅವನು ಬರೀ ದಾರಿಹೋಕ.

ಜೋಡಿಯ ರಗಳೆಯೇ ಇಲ್ಲದವರಿಗೆ ಇಲ್ಲಿ ಲಾಭ. ತೋಟದ ಮಣ್ಣು ಕೆದಕಿದಾಗ ಎರೆಹುಳದಂಥ, ಕಪ್ಪಗೆ ಹೊಳೆಯುವ ಪುಟ್ಟ ಕುರುಡು ಹಾವು ಕಂಡಿರುತ್ತೀರಿ. ವಿಷವಿಲ್ಲ, ಗೆದ್ದಲು, ಇರುವೆಗಳ ಮೊಟ್ಟೆ ತಿಂದು ಬದುಕುತ್ತದೆ. ನಮ್ಮ ಕಡೆಯ ಈ ಹಾವು ಇಂದು ಫ್ಲೋರಿಡಾ, ಹವಾಯಿ, ಆಸ್ಟ್ರೇಲಿಯಾದಲ್ಲೂ ಇದೆ. ಹೂಕುಂಡಗಳ ಮಣ್ಣಿನಲ್ಲಿ ಕೂತು ಹಡಗು ಹತ್ತಿದ್ದು. ಈ ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಗಂಡಿಲ್ಲದೆ ಮೊಟ್ಟೆ ಇಡುತ್ತವೆ. ಒಂದು ಕುಂಡದಲ್ಲಿ ಒಂದೇ ಒಂದು ಹಾವು ಹೋದರೂ ಹೊಸ ದೇಶದಲ್ಲಿ ಸಂಸಾರ ಶುರು. ಗಿಡಗಳಲ್ಲೂ ಹೀಗೆಯೇ, ತನ್ನ ಪರಾಗದಿಂದ ತಾನೇ ಬೀಜ ಕಟ್ಟಬಲ್ಲವು ದೂರದ ದ್ವೀಪಗಳಲ್ಲಿ ಜಾಸ್ತಿ ನೆಲೆ ಕಂಡಿವೆ ಎಂದು ಹರ್ಬರ್ಟ್ ಬೇಕರ್ ಎಂಬ ಸಸ್ಯವಿಜ್ಞಾನಿ 1955ರಲ್ಲಿ ಹೇಳಿದರು.

ಇನ್ನು ಬೆಳ್ಳಕ್ಕಿ. ಹಸು, ಎಮ್ಮೆಗಳ ಹಿಂದೆಯೇ ನಡೆದು ಮಿಡತೆ ಹಿಡಿಯುವ ಗೋವಕ್ಕಿಯ ಆಫ್ರಿಕಾದ ಬಳಗ 19ನೇ ಶತಮಾನದ ಕೊನೆಯ ಭಾಗದಲ್ಲಿ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿತು. ಯಾರೂ ಒಯ್ದದ್ದಲ್ಲ, ಹಾರಿಯೇ ಹೋದದ್ದು. ಅದಕ್ಕಿಂತ ಮೊದಲೂ ಎಷ್ಟೋ ಸಲ ಕೆಲವು ಹಕ್ಕಿಗಳು ದಾರಿ ತಪ್ಪಿ ಹೋಗಿರಬಹುದು. ಆದರೆ ಈ ಸಲ ಅಲ್ಲಿ ಕಾಡು ಕಡಿದು ದನ ಮೇಯಿಸುತ್ತಿದ್ದರು. ಹಕ್ಕಿಗೆ ಬೇಕಾದ ಹಸು, ಹುಲ್ಲುಗಾವಲು ಎರಡೂ ಸಿದ್ಧವಿತ್ತು. 1953ರ ಹೊತ್ತಿಗೆ ಅವು ಫ್ಲೋರಿಡಾದಲ್ಲಿ ಗೂಡು ಕಟ್ಟಿದ್ದವು.

ಬಂದು ನೆಲೆ ನಿಂತವೂ ಶಾಶ್ವತವಲ್ಲ. ಕ್ರಕಟೋವಾದ ಒಳನಾಡು ಮೊದಲು ಹುಲ್ಲುಗಾವಲಾಗಿತ್ತು. ಆಗ ಬಂದು ನೆಲೆಸಿದ ಬಯಲಿನ ಕೆಲವು ಹಕ್ಕಿಗಳು, ಕಾಡು ಮುಚ್ಚಿಕೊಂಡಂತೆ ಕಾಣೆಯಾದವು. 1966ರಲ್ಲಿ ಎಡ್ವರ್ಡ್ ವಿಲ್ಸನ್ ಮತ್ತು ಡೇನಿಯಲ್ ಸಿಂಬರ್ಲಾಫ್ ಎಂಬ ವಿಜ್ಞಾನಿಗಳು ಇದನ್ನು ಸಣ್ಣ ಮಟ್ಟದಲ್ಲಿ ಪರೀಕ್ಷಿಸಿದರು. ಫ್ಲೋರಿಡಾದ ಕಡಲಿನ ಪುಟ್ಟ ಕಾಂಡ್ಲಾ ದ್ವೀಪಗಳಿಗೆ ಟೆಂಟ್ ಹೊದಿಸಿ, ವಿಷಾನಿಲ ಬಿಟ್ಟು, ಇರುವೆ ಜೇಡ ಜೀರುಂಡೆ ಎಲ್ಲವನ್ನೂ ಕೊಂದರು. ಒಂದು ವರ್ಷದೊಳಗೆ ಹೆಚ್ಚಿನ ದ್ವೀಪಗಳಲ್ಲಿ ಜಾತಿಗಳ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ ಆಯಿತು. ಆದರೆ ಜಾತಿಗಳು ಅವೇ ಅಲ್ಲ. ಲೆಕ್ಕ ಹಳೆಯದು, ಹೆಸರುಗಳು ಹೊಸವು. ದಡಕ್ಕೆ ಹತ್ತಿರದ ದ್ವೀಪ ಬೇಗ ತುಂಬಿತು, ದೂರದ್ದು ನಿಧಾನ.

ಪ್ರಯಾಣವೇ ಬರದವರೂ ಇದ್ದಾರೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಬೀಜ ದಪ್ಪ, ಭಾರ. ಹೆಚ್ಚಿನವು ಬುಡದಲ್ಲೇ ಉದುರುತ್ತವೆ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ತಾಯಿಮರದ ಬುಡ ಸಸಿಗೆ ಒಳ್ಳೆಯ ಜಾಗವಲ್ಲ. ನೆರಳು ಒಂದು ಕಾರಣ. ಇನ್ನೊಂದು, ಆ ಜಾತಿಯ ಬೀಜ, ಚಿಗುರನ್ನೇ ಹುಡುಕುವ ಹುಳ, ರೋಗಗಳೆಲ್ಲ ಅಲ್ಲೇ ಬೀಡುಬಿಟ್ಟಿರುತ್ತವೆ. 1970ರಲ್ಲಿ ಡೇನಿಯಲ್ ಜಾನ್ಜೆನ್, ಮರುವರ್ಷ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿಗಳು ಇದನ್ನು ಬೇರೆ ಬೇರೆಯಾಗಿ ಹೇಳಿದರು. ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿ ಎಲ್ಲ ಕಡೆ ಆವರಿಸಿಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಭಾರದ ಬೀಜಕ್ಕೆ ಹೊರುವವರು ಬೇಕು. ರಾಮಪತ್ರೆಯ ಕಾಯಿ ಬಿರಿದಾಗ ಬೀಜದ ಸುತ್ತ ಕೆಂಪು ಪತ್ರೆ ಕಾಣುತ್ತದೆ. ಮಂಗಟ್ಟೆ ಹಕ್ಕಿ ಅದನ್ನು ಬೀಜ ಸಮೇತ ನುಂಗಿ, ಪತ್ರೆ ಜೀರ್ಣಿಸಿಕೊಂಡು, ಬೀಜವನ್ನು ಎಲ್ಲೋ ಕಕ್ಕುತ್ತದೆ. ಗೂಡಿನ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡಿರುತ್ತದೆ, ಗಂಡು ದಿನವಿಡೀ ಹಣ್ಣು ತಂದು ಸೀಳಿನಿಂದ ಕೊಡುತ್ತದೆ. ಆಗ ಪೊಟರೆಯ ಕೆಳಗೆ ನಾನಾ ಬಗೆಯ ಬೀಜ, ಸಸಿಗಳ ರಾಶಿ. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. 2011ರಲ್ಲಿ ಅವಕ್ಕಾಗಿಯೇ ಅಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದರು. ಮಂಗಟ್ಟೆ ಹೋದರೆ ಮರ ತಕ್ಷಣ ಸಾಯುವುದಿಲ್ಲ. ನೂರು ವರ್ಷ ನಿಂತೇ ಇರಬಹುದು. ಹೊಸ ಜಾಗಕ್ಕೆ ಹೋಗುವುದು ಮಾತ್ರ ನಿಲ್ಲುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆ ಸರಿ ಉಲ್ಟಾ ಲಂಟಾನಾ. ಅಮೆರಿಕದ ಉಷ್ಣವಲಯದ ಗಿಡ. 19ನೇ ಶತಮಾನದ ಶುರುವಿನಲ್ಲಿ ಅಂದಕ್ಕೆಂದು ಕಲ್ಕತ್ತಾದ ಉದ್ಯಾನಕ್ಕೆ ತಂದರು. ಸಾಗರ ದಾಟಿಸಿದ್ದು ಮನುಷ್ಯ, ಕಾಡಿಗೆ ಹಂಚಿದ್ದು ಪಿಕಳಾರ. ಸಣ್ಣ ಕಪ್ಪು ಹಣ್ಣು ಪಿಕಳಾರಕ್ಕೆ ಇಷ್ಟ. ನೆಲೆಗೆ ಬೇಕಾದ ಬಿಸಿಲನ್ನೂ ನಾವೇ ಒದಗಿಸಿದೆವು: ಕಡಿದ ಕಾಡು, ರಸ್ತೆಯಂಚು, ಬಿಟ್ಟ ಹೊಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತೇ ಬೇರೆ. ತಾವು ಪ್ರತಿವರ್ಷ ತರಗಿಗೆ ಹಾಕುತ್ತಿದ್ದ ಸಣ್ಣ ಬೆಂಕಿಯನ್ನು ನಿಲ್ಲಿಸಿದ ಮೇಲೆ ಲಂಟಾನಾ ಏರಿತು ಅನ್ನುತ್ತಾರೆ. ಕಾಡಿನಲ್ಲೇ ಬದುಕಿದವರ ಈ ಮಾತನ್ನು ತಳ್ಳಿಹಾಕುವುದು ಸರಿಯಲ್ಲ.

ಕಾಂಗ್ರೆಸ್ ಗಿಡ ಅನ್ನುವ ಪಾರ್ಥೇನಿಯಂ ಕೂಡ ಅಮೆರಿಕದ್ದೇ. ಅದು 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಎಲ್ಲರ ಕಣ್ಣಿಗೆ ಬಿತ್ತು. ಹೊರದೇಶದ ಗೋಧಿಯ ಜತೆ ಬಂತು ಎಂಬುದು ಜನಜನಿತ ಮಾತು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ದನ ತಿನ್ನುವುದಿಲ್ಲ, ತಾಯ್ನಾಡಿನಲ್ಲಿ ಅದನ್ನು ಕಾಡುತ್ತಿದ್ದ ಹುಳಗಳು ಇಲ್ಲಿಗೆ ಬಂದಿರಲಿಲ್ಲ. ಹೊಸ ಜಾಗದಲ್ಲಿ ಗೆಲ್ಲುವ ಎಷ್ಟೋ ಗಿಡಗಳ ಗುಟ್ಟು ಇದೇ, ಶತ್ರುಗಳನ್ನು ಹಿಂದೆ ಬಿಟ್ಟು ಬಂದಿರುತ್ತವೆ. ಹಾಗಾದರೆ ಶತ್ರುವನ್ನೂ ಕರೆಸೋಣ ಎಂದು ವಿಜ್ಞಾನಿಗಳು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿದರು. ಬೇರೆ ಬೆಳೆ ತಿನ್ನುತ್ತದೆಯೇ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹಳದಿ ಮಿಶ್ರಿತ ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳ ಹುಳ. ಮಳೆಗಾಲದಲ್ಲಿ ರಸ್ತೆ ಬದಿಯ ಪಾರ್ಥೇನಿಯಂ ಎಲೆ ಜರಡಿಯಾಗಿದ್ದರೆ ಬಗ್ಗಿ ನೋಡಿ, ಸಿಗುತ್ತದೆ. ಅದೂ ತನ್ನಷ್ಟಕ್ಕೆ ತಾನು ಹಾರಿ ಹಬ್ಬಿ, ಈಗ ದೇಶದ ಬಹಳಷ್ಟು ಕಡೆ ನೆಲೆಸಿದೆ. ಆದರೆ ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ಹೊಕ್ಕು ಮಲಗುತ್ತದೆ. ಪಾರ್ಥೇನಿಯಂ ಮಲಗುವುದಿಲ್ಲ. ನೀರಿನ ಪಸೆ ಸಿಕ್ಕಲ್ಲೆಲ್ಲ ಮೊಳೆತು, ಹುಳ ಏಳುವ ಮೊದಲೇ ಹೂಬಿಟ್ಟು ಬೀಜ ಉದುರಿಸಿರುತ್ತದೆ.